ಬಾದಾಮಿಯಲ್ಲಿ ಮನೆಗೆ ಬಂದ ಅತಿಥಿಗಳಿಗೆ ಚಹಾ, ನಾಷ್ಟಾ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತ ಮನೆಯ ಒಂದೆರಡು ಕೋಣೆಯನ್ನೋ ಇಡೀ ಮನೆಯನ್ನೋ ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡಬೇಕೆಂದಿರುವವರು ಕೇಳುವ ಪ್ರಶ್ನೆಗಳಿವು. ಹಾಸಿಗೆ, ನಲ್ಲಿ, ವೈಫೈ ಬಗ್ಗೆ ಕೇಳುವವರು ಕಡಿಮೆ. ಗೊಂದಲವೆಲ್ಲ ಬೆಳಗಿನ ಒಲೆಯ ಸುತ್ತಲೇ ಇರುತ್ತದೆ.

ನಾಷ್ಟಾ ಕೊಡಲೇಬೇಕೇನ್ರಿ? ಬರೇ ಕೋಣೆ ಕೊಟ್ಟರೆ ನಡೆಯೋದಿಲ್ಲೇನು?

ನಡೆಯುತ್ತದೆ. ನಾಷ್ಟಾ ಇದೆ ಅಂತ ನೀವೇ ಬರೆದುಕೊಂಡಿದ್ದರೆ ಮಾತ್ರ ಕೊಡಲೇಬೇಕು. ಆದರೆ ಬಾದಾಮಿ ನೋಡಲು ಬಂದವರ ದಿನ ಬೇಗ ಶುರುವಾಗುತ್ತದೆ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದವರು ನಸುಕಿನಲ್ಲಿ ಇಳಿಯುತ್ತಾರೆ, ಸ್ಟೇಷನ್ನು ಊರಿಂದ ಸುಮಾರು 5 ಕಿ.ಮೀ. ಆಚೆಗಿದೆ. ಬಿಸಿಲೇರುವ ಮುಂಚೆ ಮೇಣಬಸದಿಯ, ಅಂದರೆ ಬಂಡೆ ಕೊರೆದ ಗುಹೆ ಗುಡಿಗಳ, ಮೆಟ್ಟಿಲು ಹತ್ತಿ ಇಳಿಯಬೇಕು. ಆಮೇಲೆ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲು, ಅದರಾಚೆ ಐಹೊಳೆ, ನಡುವೆ ಹೊತ್ತು ಸಿಕ್ಕರೆ ಮಹಾಕೂಟ. ಬೆಳಿಗ್ಗೆ ತಿಂಡಿ ಹುಡುಕುತ್ತ ಒಂದು ತಾಸು ಕಳೆದರೆ ಅಷ್ಟರಮಟ್ಟಿಗೆ ಬಿಸಿಲು ತಲೆಯ ಮೇಲೆ ಬಂತು ಅಂತಲೇ ಅರ್ಥ.

ಹಾಗಾಗಿ ನಾಷ್ಟಾ ಆಗದಿದ್ದರೆ ಬೇಡ, ಎದ್ದ ಕೂಡಲೇ ಒಂದು ಬಿಸಿ ಚಹಾ ಮಾತ್ರ ತಪ್ಪಿಸಬೇಡಿ. ಚಹಾ ಕೊಡದ ಮನೆ ಎಷ್ಟೇ ಚೊಕ್ಕವಾಗಿದ್ದರೂ ಲಾಡ್ಜಿನ ಹಾಗೇ ಅನ್ನಿಸುತ್ತದೆ.

ಎಷ್ಟು ಗಂಟೆಗೆ ಕೊಡಬೇಕು?

ಹಿಂದಿನ ರಾತ್ರಿಯೇ ಕೇಳಿಬಿಡಿ. “ನಾಳೆ ಎಷ್ಟೊತ್ತಿಗೆ ಹೊರಡ್ತೀರಿ? ಅದಕ್ಕ ಅರ್ಧ ತಾಸು ಮದಲ ನಾಷ್ಟಾ ಇಡ್ತೀವ್ರಿ” ಅಂದರೆ ಸಾಕು. ಹೋಟೆಲ್ಲಿನವರ ಹಾಗೆ “ಎಂಟರಿಂದ ಹತ್ತು” ಅಂತ ಬೋರ್ಡು ಹಾಕಿದರೆ ನಿಮಗೂ ಕಷ್ಟ, ಅವರಿಗೂ ಕಷ್ಟ. ಎರಡು ತಾಸು ಒಲೆಯ ಮುಂದೆ ಕಾಯಬೇಕು, ತಿಂಡಿ ತಣ್ಣಗಾಗಬೇಕು.

ಋತು ನೋಡಿಕೊಂಡು ವೇಳೆ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಊರು ಇದು. ಆಗ ತಿಳಿದವರು ಆರಕ್ಕೇ ಹೊರಡುತ್ತಾರೆ. ಚಳಿಗಾಲದಲ್ಲಿ ಬಂಡೆ ಹತ್ತಲು ಬರುವ ಹುಡುಗರು ಇನ್ನೂ ಬೇಗ ಏಳುತ್ತಾರೆ, ಬಾದಾಮಿಯ ಕೆಂಪು ಮರಳುಗಲ್ಲು ಕಾದ ಮೇಲೆ ಕೈಗೆ ಹಿಡಿತ ಸಿಗುವುದಿಲ್ಲ ಅನ್ನುತ್ತಾರೆ ಅವರು. ಇಂಥವರಿಗೆ ನಸುಕಿನಲ್ಲಿ ಚಹಾ ಮತ್ತು ಬಾಳೆಹಣ್ಣು, ವಾಪಸ್ ಬಂದ ಮೇಲೆ ಹೊಟ್ಟೆ ತುಂಬ ನಾಷ್ಟಾ. ಬನಶಂಕರಿ ಜಾತ್ರೆಗೆ ಬಂದವರದು ಇದರ ತದ್ವಿರುದ್ಧ. ರಾತ್ರಿಯಿಡೀ ನಾಟಕ ನೋಡಿ ಬಂದು ಮಲಗಿದವರು ಹತ್ತು ಗಂಟೆಗೆ ಮುಂಚೆ ಏಳುವುದಿಲ್ಲ. ಅವರಿಗಾಗಿ ಏಳಕ್ಕೇ ಉಪ್ಪಿಟ್ಟು ತಿರುವಿ ಇಡುವುದು ಶುದ್ಧ ದಂಡ.

ನಾಷ್ಟಾಕ್ಕೆ ಏನು ಮಾಡುವುದು? ಬ್ರೆಡ್ಡು, ಜಾಮು, ಕಾರ್ನ್‌ಫ್ಲೇಕ್ಸ್ ಇಡಬೇಕೇ?

ಇಡಬೇಡಿ ಅಂತಲ್ಲ. ಚಿಕ್ಕ ಮಕ್ಕಳಿದ್ದರೆ ಒಂದು ಬ್ರೆಡ್ಡು ಇರಲಿ. ಆದರೆ ಅಷ್ಟು ದೂರದಿಂದ ಬಂದವರು ಅವರೂರಿನಲ್ಲೇ ಸಿಗುವ ಬ್ರೆಡ್ಡನ್ನು ಇಲ್ಲಿ ತಿಂದು ಹೋಗುವುದರಲ್ಲಿ ಏನು ರುಚಿ? ನಿಮ್ಮ ಮನೆಯಲ್ಲಿ ದಿನಾ ಆಗುವುದನ್ನೇ ಮಾಡಿ, ಒಂದೇ ಬಗೆ ಮಾಡಿ, ಬಿಸಿಯಾಗಿ ಮಾಡಿ. ನಾಲ್ಕು ಬಗೆ ತಣ್ಣಗಿನ ತಿಂಡಿಗಿಂತ ಒಲೆಯಿಂದ ತಾಟಿಗೆ ಬಂದ ಒಂದು ಬಗೆ ಮೇಲು.

ನಮ್ಮ ಕಡೆಯ ನಾಷ್ಟಾಗಳಲ್ಲಿ ಅತಿಥಿಗೆ ಅತ್ಯಂತ ಹಿಡಿಸುವುದು ಸುಸಲಾ. ಮೈಸೂರು, ಮಂಗಳೂರು ಕಡೆಯ ಬಹಳ ಜನ ಇದನ್ನು ತಿಂದಿರುವುದಿಲ್ಲ, ಮಾಡುವುದಕ್ಕೂ ಹದಿನೈದು ನಿಮಿಷ ಸಾಕು. ಚುರುಮುರಿಯನ್ನು ನೀರಿಗೆ ಹಾಕಿ ಒಮ್ಮೆ ಅದ್ದಿ, ಕೂಡಲೇ ಎರಡೂ ಅಂಗೈ ನಡುವೆ ಹಿಂಡಿ ತೆಗೆಯಬೇಕು. ನೀರಲ್ಲಿ ಬಿಟ್ಟು ಫೋನಿಗೆ ಹೋದಿರೋ, ಮುದ್ದೆ. ಒಗ್ಗರಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಶೇಂಗಾ, ಸೀಳಿದ ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಅರಿಷಿಣ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಚೂರು ಹುಣಸೆರಸ, ಉಪ್ಪು, ಒಂದು ಚಿಟಿಕೆ ಸಕ್ಕರೆ. ಹಿಂಡಿದ ಚುರುಮುರಿ ಹಾಕಿ, ಮೇಲೆ ಎರಡು ಚಮಚ ಪುಟಾಣಿ ಹಿಟ್ಟು ಉದುರಿಸಿ ಮೇಲೆ ಕೆಳಗೆ ಮಾಡಬೇಕು. ಪುಟಾಣಿ ಹಿಟ್ಟು ಉಳಿದ ನೀರನ್ನೆಲ್ಲ ಹೀರಿಕೊಂಡು ಸುಸಲಾ ಉದುರುದುರಾಗುತ್ತದೆ. ಅದನ್ನು ಬಿಟ್ಟರೆ ಸುಸಲಾ ಆಗುವುದಿಲ್ಲ, ಒದ್ದೆ ಚುರುಮುರಿ ಆಗುತ್ತದೆ. ಬದಿಗೆ ಒಂದು ಮಿರ್ಚಿ ಭಜಿ ಇಟ್ಟರೆ ಆ ದಿನ ಮಧ್ಯಾಹ್ನದ ಊಟ ತಡವಾದರೂ ಅತಿಥಿ ಕೇಳುವುದಿಲ್ಲ.

ಒಗ್ಗರಣೆ ಅವಲಕ್ಕಿ ಸೊಲ್ಲಾಪುರ, ಕೊಲ್ಲಾಪುರ ಕಡೆಯವರಿಗೂ ಪರಿಚಿತ. ಉಪ್ಪಿಟ್ಟು ಎಲ್ಲರಿಗೂ ಗೊತ್ತು, ಅದರ ಜೊತೆ ಶಿರಾ ಮಾಡಿದರೆ ಮಕ್ಕಳು ಸಂತೋಷ ಪಡುತ್ತಾರೆ. ಪಡ್ಡು ಮಾಡುವವರು ಹಿಟ್ಟನ್ನು ಹಿಂದಿನ ಸಂಜೆ ರುಬ್ಬಬೇಕು. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಹುಳಿಯೇಳಲು ಬಹಳ ಹೊತ್ತು ಹಿಡಿಯುತ್ತದೆ, ಪಾತ್ರೆಯನ್ನು ಬೆಚ್ಚಗಿನ ಮೂಲೆಯಲ್ಲಿಡಿ. ತಾಲಿಪಟ್ಟಿ ರುಚಿ, ಆದರೆ ಒಂದೊಂದೇ ತಟ್ಟಿ ಬೇಯಿಸಬೇಕು. ಆರು ಜನರಿದ್ದು ಒಬ್ಬರೇ ಅಡುಗೆಗೆ ನಿಂತಿದ್ದರೆ ಬೇಡ.

ಬೆಳಿಗ್ಗೆ ರೊಟ್ಟಿ ಕೊಡಬಹುದೇ?

ಯಾಕೆ ಕೊಡಬಾರದು? ಹೊಲಕ್ಕೆ ಹೋಗುವವರ ನ್ಯಾರಿ ರೊಟ್ಟಿಯೇ. ಬಿಳಿಜೋಳದ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು, ಒಂದು ಹಸಿ ಉಳ್ಳಾಗಡ್ಡಿ ಇಷ್ಟೇ ಇಟ್ಟರೂ ಪರ ಊರಿನವರು ಫೋಟೋ ತೆಗೆದುಕೊಂಡೇ ತಿನ್ನುತ್ತಾರೆ. ರೊಟ್ಟಿ ಬಡಿಯುವುದನ್ನು ನೋಡಬೇಕು ಅಂದರೆ ಅಡುಗೆಮನೆಯ ಬಾಗಿಲಲ್ಲಿ ಒಂದು ಮಣೆ ಹಾಕಿ ಕೂರಿಸಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಅಂಟು ಇಲ್ಲ. ಅದಕ್ಕೇ ಕುದಿನೀರು ಹಾಕಿ ನಾದುವುದು, ಅದಕ್ಕೇ ಲಟ್ಟಿಸದೆ ಬಡಿಯುವುದು. ಈ ಮಾತನ್ನು ಅವರಿಗೆ ಹೇಳಿ, ಕೇಳಲು ಅವರಿಗೆ ಖುಷಿ.

ಬೇಗ ಹೊರಡುವ ದಿನ ಬಿಸಿ ರೊಟ್ಟಿಯ ಗೋಜಿಗೆ ಹೋಗಬೇಡಿ. ಖಡಕ್ ರೊಟ್ಟಿಯ ಒಂದು ಕಟ್ಟು ಸದಾ ಡಬ್ಬಿಯಲ್ಲಿರಲಿ. ತೇವ ತಾಕದಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಅದರ ಜೊತೆ ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗಳು, ಮೊಸರು. ಯಾರೂ ಒಲೆ ಹಚ್ಚದೆ ನಾಷ್ಟಾ ಮುಗಿಯಿತು.

ಎಷ್ಟು ಜನಕ್ಕೆ ಎಷ್ಟು ಮಾಡಬೇಕು?

ನಾಲ್ವರಿಗೆ ಸುಮಾರು 300 ಗ್ರಾಂ ಮಧ್ಯಮ ಅವಲಕ್ಕಿ, ಎರಡು ದೊಡ್ಡ ಉಳ್ಳಾಗಡ್ಡಿ, ಒಂದು ಹಿಡಿ ಶೇಂಗಾ. ಉಪ್ಪಿಟ್ಟಾದರೆ ಒಂದು ಬಟ್ಟಲು ರವೆಗೆ ಎರಡೂವರೆಯಿಂದ ಮೂರು ಬಟ್ಟಲು ನೀರು, ಇಬ್ಬರಿಗೆ ಒಂದು ದೊಡ್ಡ ಬಟ್ಟಲು ರವೆ. ನಮ್ಮ ಮನೆಯ ಅಳತೆಯಲ್ಲಿ ಬಡಿಸಿದರೆ ಪಟ್ಟಣದವರು ಅರ್ಧ ಬಿಡುತ್ತಾರೆ. ಕಡಿಮೆ ಬಡಿಸಿ, ಎರಡನೇ ಸಲ ಕೇಳಿ. “ಇನ್ನೊಂದೀಟು ಹಾಕ್ಲೇನ್ರಿ?” ಅಂತ ಒಮ್ಮೆ ಕೇಳುವುದು ಉಪಚಾರ, ಮೂರು ಸಲ ಕೇಳುವುದು ಪೀಡೆ. ನಮ್ಮವರಿಗೆ ಇದನ್ನು ಒಪ್ಪಿಸುವುದು ಕಷ್ಟ, ಗೊತ್ತು.

ಚಹಾ ಹೇಗಿರಬೇಕು? ಎಲ್ಲರಿಗೂ ನಮ್ಮ ಕಡಕ್ ಚಹಾ ಹಿಡಿಸುತ್ತದೆಯೇ?

ಎಲ್ಲರಿಗೂ ಇಲ್ಲ. ಆದರೆ ಮೊದಲ ಕಪ್ಪು ನಿಮ್ಮದೇ ರೀತಿಯಲ್ಲಿರಲಿ, ಸಕ್ಕರೆ ಮಾತ್ರ ಬೇರೆ ಇಡಿ. ಸಕ್ಕರೆ ಕಾಯಿಲೆಯವರು ಇಲ್ಲದ ಕುಟುಂಬ ಈಗ ಅಪರೂಪ, ಕುದಿಸುವಾಗಲೇ ಸಕ್ಕರೆ ಸುರಿದರೆ ಅವರಿಗೆ ಚಹಾವೇ ಇಲ್ಲ. ನಾಲ್ಕು ಕಪ್ಪಿಗೆ ಸುಮಾರು 400 ಮಿ.ಲೀ. ನೀರು, 300 ಮಿ.ಲೀ. ಹಾಲು, ನಾಲ್ಕು ಸಣ್ಣ ಚಮಚ ಪುಡಿ. ಹಸಿಶುಂಠಿ ಜಜ್ಜಿ ನೀರಿನಲ್ಲೇ ಮೊದಲು ಚೆನ್ನಾಗಿ ಕುದಿಸಿ. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವ ಇದೆ, ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಪುಡಿ ಹಾಕಿದ ಮೇಲೆ ಎರಡು ನಿಮಿಷ, ಹಾಲು ಹಾಕಿದ ಮೇಲೆ ಎರಡು ಉಕ್ಕು, ಸೋಸಿಬಿಡಿ. ಅರ್ಧ ತಾಸು ಸಣ್ಣ ಉರಿಯಲ್ಲಿಟ್ಟ ಚಹಾ ಕಡಕ್ ಆಗುವುದಿಲ್ಲ, ಒಗರಾಗುತ್ತದೆ.

ಬೆಲ್ಲದ ಚಹಾ ಕೇಳುವವರು ಹೆಚ್ಚಿದ್ದಾರೆ. ಬೆಲ್ಲದ ಪೇಟೆಗೆ ಹೆಸರಾದ ಮಹಾಲಿಂಗಪುರ ನಮ್ಮ ಜಿಲ್ಲೆಯದೇ, ಬೆಲ್ಲಕ್ಕೆ ಬರವಿಲ್ಲ. ಹಾಲು ಹಾಕಿ ಕುದಿಯುತ್ತಿರುವ ಚಹಾಕ್ಕೆ ಬೆಲ್ಲ ಹಾಕಿದರೆ ಒಡೆಯುವ ಸಂಭವ ಹೆಚ್ಚು. ಕಪ್ಪಿನ ತಳದಲ್ಲಿ ಪುಡಿ ಬೆಲ್ಲ ಹಾಕಿ ಮೇಲಿಂದ ಚಹಾ ಸೋಸಿ, ಕಲಕಿ ಕೊಡಿ.

ಚಹಾ ಕುಡಿಯದವರೂ ಬರುತ್ತಾರೆ, ಹಾಲು ಒಲ್ಲದವರೂ ಬರುತ್ತಾರೆ. ಇಬ್ಬರಿಗೂ ಒಂದೇ ಉತ್ತರ ಕಷಾಯ. ಜೀರಿಗೆ, ಕೊತ್ತಂಬರಿ ಬೀಜ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿಟ್ಟರೆ ಆಯಿತು, ಬೇಕಾದಾಗ ಬೆಲ್ಲದ ಜೊತೆ ಕುದಿಸಿ ಕೊಡಬಹುದು. ಗ್ರೀನ್ ಟೀ ಪೊಟ್ಟಣ ಇಟ್ಟರೆ ಒಂದು ಮಾತು ಹೇಳಿ: ಅದಕ್ಕೆ ಕುದಿಕುದಿ ನೀರು ಬೇಡ, 80 ಡಿಗ್ರಿ ಆಸುಪಾಸಿಗೆ ಇಳಿದ ನೀರು ಸಾಕು, ಇಲ್ಲದಿದ್ದರೆ ಕಹಿ.

ಏಪ್ರಿಲ್‌ನಲ್ಲಿ ಎರಡನೇ ಸುತ್ತಿನ ಚಹಾದ ಬದಲು ಮಜ್ಜಿಗೆ ಕೇಳಿ ನೋಡಿ. ಯಾರೂ ಬೇಡ ಅನ್ನುವುದಿಲ್ಲ.

ಬೆಂಗಳೂರು, ಮೈಸೂರಿನವರು ಫಿಲ್ಟರ್ ಕಾಫಿ ಕೇಳುತ್ತಾರೆ. ನಮಗೆ ಮಾಡಲು ಬರುವುದಿಲ್ಲ.

ಇದನ್ನು ಕಲಿಯಿರಿ, ಕಷ್ಟವಿಲ್ಲ. ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್ ಒಂದು ತನ್ನಿ. ಮೇಲಿನ ಬಟ್ಟಲಿಗೆ ಮೂರು ದೊಡ್ಡ ಚಮಚ ಪುಡಿ, ಮೆಲ್ಲಗೆ ಒತ್ತಿ, ಕುದಿದು ಇಳಿಸಿದ ನೀರು ಹಾಕಿ ಮುಚ್ಚಿಡಿ. ಹದಿನೈದಿಪ್ಪತ್ತು ನಿಮಿಷಕ್ಕೆ ಡಿಕಾಕ್ಷನ್ ಇಳಿಯುತ್ತದೆ. ತೀರಾ ಒತ್ತಿದರೆ ಇಳಿಯುವುದೇ ಇಲ್ಲ, ಸಡಿಲ ಬಿಟ್ಟರೆ ನೀರು ನೀರು. ಪುಡಿ ಕೊಳ್ಳುವಾಗ ಪೊಟ್ಟಣದ ಹಿಂದೆ ಚಿಕೋರಿ ಎಷ್ಟಿದೆ ಓದಿ. ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಇರಲು ನಿಯಮದಲ್ಲೇ ಅವಕಾಶ ಇದೆ, ಅಷ್ಟಿದ್ದರೆ ಮೈಸೂರಿನವರು ಮೊದಲ ಗುಟುಕಿಗೇ ಗುರುತಿಸುತ್ತಾರೆ. ಶೇ. 20ರ ಆಸುಪಾಸಿನದು ತನ್ನಿ.

ಎಮ್ಮೆಹಾಲು ಕಾಫಿಗೆ ಚೆನ್ನ. ಗಟ್ಟಿ ಹಾಲಿಗೆ ನೀರು ಬೆರೆಸದೆ ಕೊಡಿ. ಡಿಕಾಕ್ಷನ್ನನ್ನು ಮಾತ್ರ ಮತ್ತೆ ಕುದಿಸಬೇಡಿ.

ಯಾವ ಹಾಲು ಇಟ್ಟುಕೊಳ್ಳಬೇಕು?

ಮನೆ ಹಾಲು ಅಥವಾ ಗವಳಿಗರ ಹಾಲು ಬರುತ್ತಿದ್ದರೆ ಒಳ್ಳೆಯದು, ಆದರೆ ಬಂದ ಕೂಡಲೇ ಕಾಯಿಸಿ. “ಹಸಿ ಹಾಲು ಕುಡೀತೀವಿ” ಅನ್ನುವ ಅತಿಥಿಗೂ ಕಾಯಿಸಿದ್ದನ್ನೇ ಕೊಡಿ. ಅತಿಥಿ ಯಾವಾಗ ಬರುತ್ತಾರೋ ಗೊತ್ತಿಲ್ಲದ ಮನೆಗೆ ನಂದಿನಿಯ ಗುಡ್‌ಲೈಫ್ ಪಾಕೀಟು ಅನುಕೂಲ. ಒಡೆಯುವ ತನಕ ಫ್ರಿಡ್ಜ್ ಬೇಕಿಲ್ಲ, ಒಡೆದ ಮೇಲೆ ಸಾಮಾನ್ಯ ಹಾಲಿನ ಹಾಗೇ ಫ್ರಿಡ್ಜಿನಲ್ಲಿಡಬೇಕು. ಬನದ ಹುಣ್ಣಿಮೆಯ ಜಾತ್ರೆ ದಿನಗಳಲ್ಲಿ ಬೆಳಗಿನ ಪಾಕೀಟು ಅಂಗಡಿಗೆ ಬಂದಷ್ಟೇ ಬೇಗ ಖಾಲಿಯಾಗುತ್ತದೆ, ಹಿಂದಿನ ದಿನವೇ ಹೇಳಿಡಿ.

ಕೋಣೆಯಲ್ಲಿ ಕೆಟಲ್ ಇಟ್ಟುಬಿಟ್ಟರೆ ನಮ್ಮ ಕೆಲಸ ಮುಗಿಯಿತಲ್ಲ?

ಕೆಟಲ್ ಇಡಿ. ಮಧ್ಯಾಹ್ನ ಸುತ್ತಿ ಬಂದವರು, ರಾತ್ರಿ ಮಗುವಿಗೆ ಹಾಲಿನ ಪುಡಿ ಕಲಸುವವರು ನಿಮ್ಮ ಬಾಗಿಲು ತಟ್ಟುವುದು ತಪ್ಪುತ್ತದೆ. ಆದರೆ ಕೆಲವು ಮಾತು ತಿಳಿದಿರಲಿ. 1500 ವಾಟಿನ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಗೋಡೆಯ ಸಣ್ಣ ಪ್ಲಗ್ಗು ಇರುವುದು 6 ಆಂಪಿಯರಿಗೆ. ಕೆಲವು ದಿನ ನಡೆಯುತ್ತದೆ, ಆಮೇಲೆ ಪ್ಲಗ್ಗಿನ ಬಾಯಿ ಕಂದುಗಟ್ಟಿ ಸುಟ್ಟ ವಾಸನೆ ಬರುತ್ತದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ 16 ಆಂಪಿಯರ್ ಸಾಕೆಟ್ ಹಾಕಿಸಿ. ಸಣ್ಣ ಮನೆಯ ಇನ್ವರ್ಟರ್ ಮೇಲೆ ಕೆಟಲ್ ನಡೆಯುವುದಿಲ್ಲ, ಕರೆಂಟು ಹೋಗುವ ಊರಿನಲ್ಲಿ ರಾತ್ರಿ ಒಂದು ಥರ್ಮಾಸ್ ಬಿಸಿನೀರು ಇಡುವುದೇ ಭರವಸೆ.

ಕೆಟಲ್ಲಿನಲ್ಲಿ ಬರೀ ನೀರು ಕಾಯಿಸಬೇಕು ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಇಲ್ಲದಿದ್ದರೆ ಅದರಲ್ಲಿ ಹಾಲು ಸೀಯುತ್ತದೆ, ಮ್ಯಾಗಿ ಬೇಯುತ್ತದೆ, ತತ್ತಿಯೂ ಬೇಯುತ್ತದೆ. ಬರೆದು ಅಂಟಿಸಿದರೂ ಬೇಯುತ್ತದೆ, ಆದರೆ ಕಡಿಮೆ.

ಕೆಟಲ್ ಪಕ್ಕ ಮುಚ್ಚಳದ ಸಣ್ಣ ಡಬ್ಬಿಗಳಲ್ಲಿ ಚಹಾಪುಡಿಯ ಪೊಟ್ಟಣ, ಇನ್‌ಸ್ಟಂಟ್ ಕಾಫಿ, ಸಕ್ಕರೆ, ಹಾಲಿನ ಪುಡಿ. ಮುಚ್ಚಳ ಬಿಗಿ ಇರಲಿ, ಬಾದಾಮಿಯ ಇರುವೆಗಳಿಗೆ ಸೂಚನಾ ಫಲಕ ಓದಲು ಬರುವುದಿಲ್ಲ. ಕೆಟಲ್ ಇದೆ ಅಂತ ಬೆಳಗಿನ ಚಹಾ ನಿಲ್ಲಿಸಬೇಡಿ. ಪೊಟ್ಟಣ ಅದ್ದಿದ ಚಹಾ ಬೇರೆ, ಮನೆಯವರು ತಂದುಕೊಟ್ಟ ಚಹಾ ಬೇರೆ.

ನಮ್ಮ ಬೋರಿನ ನೀರಿನಲ್ಲಿ ಚಹಾ ಮೇಲೆ ಕೆನೆಯ ಹಾಗೆ ಏನೋ ತೇಲುತ್ತದೆ.

ಅದು ಗಡಸು ನೀರಿನ ಗುಣ. ಹಾಲಿನ ಚಹಾದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕರಿ ಚಹಾ ಮತ್ತು ಗ್ರೀನ್ ಟೀಯಲ್ಲಿ ಎದ್ದು ಕಾಣುತ್ತದೆ, ರುಚಿಯೂ ಸಪ್ಪೆ. ಕೆಟಲ್ಲಿನ ತಳದಲ್ಲಿ ಬಿಳಿ ಹುಡಿ ಕಟ್ಟುವುದೂ ಅದರಿಂದಲೇ. ಒಂದು ಲಿಂಬೆಹಣ್ಣಿನ ರಸ ಹಿಂಡಿ ನೀರು ತುಂಬಿ ಕುದಿಸಿ, ಅರ್ಧ ತಾಸು ಬಿಟ್ಟು ತೊಳೆದರೆ ಹೋಗುತ್ತದೆ.

ಕುಡಿಯಲು ಮತ್ತು ಚಹಾಕ್ಕೆ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನ್ ತರಿಸಿ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ಒಪ್ಪಬಹುದು ಅನ್ನುತ್ತದೆ ಭಾರತೀಯ ಮಾನಕ. “ಕುದಿಸಿದ ನೀರು, ಏನೂ ಆಗೋದಿಲ್ಲ” ಅನ್ನಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ.

ಖಾರ ಎಷ್ಟು ಹಾಕಬೇಕು?

ಅರ್ಧ. ಉಳಿದರ್ಧ ಚಟ್ನಿಪುಡಿಯಾಗಿ ತಾಟಿನ ಬದಿಗೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇದ್ದೇ ಇದೆ, ಅದು ಕೆಂಪಗೆ ಕಂಡಷ್ಟು ಖಾರವಿಲ್ಲ. ಹಸಿಮೆಣಸಿನಕಾಯಿಯನ್ನು ಹೆಚ್ಚದೆ ಉದ್ದಕ್ಕೆ ಸೀಳಿ ಹಾಕಿದರೆ ಒಲ್ಲದವರು ಎತ್ತಿಟ್ಟುಕೊಳ್ಳುತ್ತಾರೆ. ವಿದೇಶದವರಿಗೆ ಮೊಸರು ಮೊದಲೇ ಎದುರಿಗಿರಲಿ, ನೀರು ಕುಡಿದರೆ ಖಾರ ಇಳಿಯುವುದಿಲ್ಲ ಅಂತ ಅವರಿಗೆ ಆಮೇಲೆ ಗೊತ್ತಾಗುವುದು ಬೇಡ.

ಶೇಂಗಾ ಆಗದವರು ಬಂದರೆ?

ಇದು ತಮಾಷೆಯ ವಿಷಯವಲ್ಲ. ಶೇಂಗಾ ಅಲರ್ಜಿ ಇದ್ದವರಿಗೆ ಚೂರು ತಾಕಿದರೂ ಗಂಟಲು ಊದಿ ಉಸಿರು ಕಟ್ಟಬಹುದು. ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲಿದೆ ಅಂತ ನಮಗೇ ನೆನಪಿರುವುದಿಲ್ಲ: ಅವಲಕ್ಕಿಯಲ್ಲಿ, ಸುಸಲಾದಲ್ಲಿ, ಚಟ್ನಿಯಲ್ಲಿ, ಬದನೆಕಾಯಿ ಎಣ್ಣೆಗಾಯಿಯಲ್ಲಿ, ಕೆಲವು ಮನೆಯಲ್ಲಿ ಒಗ್ಗರಣೆಯ ಎಣ್ಣೆಯೇ ಶೇಂಗಾದ್ದು. ಚಟ್ನಿ ಡಬ್ಬಿಗೆ ಹಾಕಿದ ಚಮಚವನ್ನೇ ಅವಲಕ್ಕಿಗೂ ಹಾಕುವುದು ನಮ್ಮ ರೂಢಿ. ಬುಕಿಂಗ್ ಖಚಿತವಾದ ದಿನವೇ “ಯಾರಿಗಾದರೂ ಶೇಂಗಾ, ಎಳ್ಳು, ಗೋಧಿ, ಹಾಲು ಆಗುವುದಿಲ್ಲವೇ?” ಅಂತ ಸಂದೇಶ ಕಳಿಸಿ. ಇದೆ ಅಂದರೆ ಆ ದಿನ ಸೂರ್ಯಕಾಂತಿ ಎಣ್ಣೆ, ತೊಳೆದ ಬೇರೆ ಬಾಣಲೆ, ಬೇರೆ ಚಮಚ. ನಂಬಿಕೆ ಬರದಿದ್ದರೆ ಇಡ್ಲಿ ಮಾಡಿ, ಚಟ್ನಿಪುಡಿಯ ಡಬ್ಬಿಯನ್ನು ಅಡುಗೆಮನೆಯಿಂದಲೇ ಆಚೆ ಇಡಿ.

ಗೋಧಿ ಆಗದವರಿಗೆ ಜೋಳದ ರೊಟ್ಟಿ ದೊಡ್ಡ ವರ. ಆದರೆ ಅಂಗಡಿಯ ಇಂಗಿನ ಪುಡಿಯಲ್ಲಿ ಹೆಚ್ಚಾಗಿ ಗೋಧಿಹಿಟ್ಟೋ ಮೈದಾನೋ ಬೆರೆಸಿರುತ್ತಾರೆ, ಡಬ್ಬಿ ತಿರುಗಿಸಿ ಓದಿ. ರೊಟ್ಟಿ ಬಡಿಯುವಾಗ ಮೇಲೆ ಉದುರಿಸುವ ಹಿಟ್ಟೂ ಜೋಳದ್ದೇ ಇರಲಿ.

ನಮ್ಮದು ಶಾಕಾಹಾರಿ ಮನೆ. ಆಮ್ಲೆಟ್ ಕೇಳಿದರೆ ಏನನ್ನಬೇಕು?

“ನಮ್ಮ ಮನೆಯೊಳಗ ತತ್ತಿ ಮಾಡೂದಿಲ್ರಿ” ಅನ್ನಿ. ನಕ್ಕೊಂಡು ಅನ್ನಿ. ಬುಕಿಂಗ್ ಪುಟದಲ್ಲೇ ಬರೆದಿದ್ದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಬಂದ ಮೇಲೆ ಹೇಳಿದರೆ ಮುಖ ಸಣ್ಣದಾಗುತ್ತದೆ. ತತ್ತಿ ಎಲ್ಲಿ ಸಿಗುತ್ತದೆ ಅಂತ ದಾರಿ ಹೇಳಿದರೆ ನಿಮ್ಮ ವ್ರತವೇನೂ ಕೆಡುವುದಿಲ್ಲ.

ಜೈನ ಯಾತ್ರಿಕರು ಬಂದರೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ ಬಿಡಿ, ಹಸಿಶುಂಠಿಯೂ ಅವರಿಗೆ ವರ್ಜ್ಯ, ಚಹಾಕ್ಕೆ ಏಲಕ್ಕಿ ಹಾಕಿ. ಏಕಾದಶಿಗೆ ಸಾಬೂದಾಣಿ ಖಿಚಡಿ. ರಂಜಾನ್ ತಿಂಗಳಲ್ಲಿ ರೋಜಾ ಹಿಡಿಯುವವರು ಬೆಳಕು ಹರಿಯುವ ಮುಂಚೆ ಉಣ್ಣುತ್ತಾರೆ, ರಾತ್ರಿಯೇ ಥರ್ಮಾಸಿನಲ್ಲಿ ಹಾಲು, ಮುಚ್ಚಿದ ತಾಟಿನಲ್ಲಿ ಚಪಾತಿ, ಹಣ್ಣು, ಖರ್ಜೂರ ಇಟ್ಟುಬಿಡಿ.

ಡಬ್ಬಿ ಕಟ್ಟಿಕೊಡಿ ಅನ್ನುತ್ತಾರೆ. ಕೊಡಬಹುದೇ?

ಕೊಡಿ, ಆದರೆ ಮಂಗಗಳ ವಿಷಯ ಮೊದಲು ಹೇಳಿ. ಮೇಣಬಸದಿಯ ಮೆಟ್ಟಿಲ ಮೇಲೆ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಸಾಕು, ಕಿತ್ತುಕೊಂಡು ಹೋಗುತ್ತವೆ. ಅವುಗಳ ಕಣ್ಣಿಗೆ ಚೀಲ ಅಂದರೆ ತಿಂಡಿ. ಸ್ಟೀಲ್ ಡಬ್ಬಿ, ಅದು ಬೆನ್ನಿನ ಬ್ಯಾಗಿನ ಒಳಗೆ, ಜಿಪ್ ಹಾಕಿ. ಗುಡಿ ಆವರಣಗಳೊಳಗೆ ಕೂತು ತಿನ್ನುವುದೂ ಬೇಡ, ಆಚೆ ಬಂದು ತಿನ್ನಲಿ.

ಬಿಸಿಲಿಗೆ ತಾಳುವಂಥದ್ದು ಕಟ್ಟಿ. ಹಸಿ ಕೊಬ್ಬರಿ ಚಟ್ನಿ ಎಲ್ಲಕ್ಕಿಂತ ಮೊದಲು ಹಳಸುತ್ತದೆ, ಬೇಡ. ಬೇಯಿಸಿದ ತಿಂಡಿ 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಕೂತಷ್ಟೂ ರೋಗಾಣು ಬೆಳೆಯುತ್ತವೆ, ಎರಡು ತಾಸಿನೊಳಗೆ ತಿನ್ನಿ ಅಂತ ಹೇಳಿ. ಹೆಚ್ಚು ಹೊತ್ತು ಬೇಕೆಂದರೆ ಖಡಕ್ ರೊಟ್ಟಿ, ಚಟ್ನಿಪುಡಿ, ಬಾಳೆಹಣ್ಣು, ಶೇಂಗಾ ಉಂಡಿ, ಅಮೀನಗಡದ ಕರದಂಟು. ಮಧ್ಯಾಹ್ನಕ್ಕೆ ಬನಶಂಕರಿ ಗುಡಿ ಕಡೆ ಹೋಗುವವರಿಗೆ ಡಬ್ಬಿಯೇ ಬೇಡ. ಅಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ತಂದು ಮಾರುತ್ತಾರೆ, ಅದನ್ನು ತಿನ್ನಲಿ ಬಿಡಿ.

ಲೈಸೆನ್ಸು ಬೇಕೇ?

ದುಡ್ಡು ಪಡೆದು ತಿಂಡಿ ಕೊಡುತ್ತೀರಿ ಅಂದರೆ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಕಾಯ್ದೆ, 2006 ನಿಮಗೂ ಅನ್ವಯ. “ನಾಷ್ಟಾ ಫ್ರೀ, ಬಾಡಿಗೆ ಮಾತ್ರ” ಅನ್ನುವ ಜಾಣತನದ ಮೇಲೆ ಕೂರಬೇಡಿ. ಸಣ್ಣ ವಹಿವಾಟಿನವರಿಗೆ ಪೂರ್ಣ ಲೈಸೆನ್ಸು ಬೇಡ, ನೋಂದಣಿ ಸಾಕು. 2011ರ ನಿಯಮಾವಳಿ ಬಂದಾಗ ಇದಕ್ಕೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ಮಿತಿ, 100 ರೂಪಾಯಿ ಶುಲ್ಕ ಇಟ್ಟಿದ್ದರು. ಮಿತಿ, ಶುಲ್ಕ ಆಗಾಗ ತಿದ್ದುಪಡಿಯಾಗುತ್ತವೆ, ಅರ್ಜಿ ಹಾಕುವ ದಿನ ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ನೋಡಿಕೊಳ್ಳಿ. ಫೋಟೋ, ಗುರುತಿನ ಚೀಟಿ ಇದ್ದರೆ ಅರ್ಜಿಯನ್ನು ಮನೆಯಲ್ಲೇ ಕೂತು ಹಾಕಬಹುದು. ಬರುವ 14 ಅಂಕಿಯ ಸಂಖ್ಯೆಯನ್ನು ಅಡುಗೆಮನೆಯ ಬಾಗಿಲ ಹತ್ತಿರ ಕಾಣುವಂತೆ ಹಾಕಿ.

ಕೋಣೆಗಳ ನೋಂದಣಿ ಬೇರೆಯೇ ವಿಷಯ, ಅದು ಪ್ರವಾಸೋದ್ಯಮ ಇಲಾಖೆಯದು. ಕೇಂದ್ರದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು, ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ.

ಮನೆಯ ಗ್ಯಾಸ್ ಸಿಲಿಂಡರಿನಲ್ಲೇ ಮಾಡಬಹುದಲ್ಲ?

14.2 ಕೆ.ಜಿ. ಸಿಲಿಂಡರ್ ಮನೆಯವರ ಅಡುಗೆಗೆ, ವ್ಯಾಪಾರಕ್ಕೆ 19 ಕೆ.ಜಿ.ಯದು. ದಿನಾ ಅತಿಥಿಗಳಿದ್ದರೆ ದೊಡ್ಡದನ್ನು ತರಿಸಿಕೊಳ್ಳಿ. ಚಹಾ, ಹಾಲು ಕಾಯಿಸುವುದಕ್ಕೆ ಇಂಡಕ್ಷನ್ ಒಲೆ ಇಟ್ಟರೆ ಗ್ಯಾಸಿನ ಖರ್ಚು ಇಳಿಯುತ್ತದೆ.

ನಾಷ್ಟಾಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಬೇಕೇ?

ಚಹಾಕ್ಕೆ ಬಿಲ್ಲು ಬರೆಯಬೇಡಿ. ಎರಡನೇ ಕಪ್ಪಿಗೂ ಬರೆಯಬೇಡಿ. ನಾಷ್ಟಾದ ಖರ್ಚನ್ನು ಬಾಡಿಗೆಯಲ್ಲೇ ಸೇರಿಸಿ “ಚಹಾ, ನಾಷ್ಟಾ ಸೇರಿ” ಅಂತ ಒಂದೇ ದರ ಹೇಳುವುದು ನಮ್ಮ ಸಲಹೆ. ಅತಿಥಿಗೂ ಲೆಕ್ಕ ಸರಳ, ಬೆಳಗಿನ ಹೊತ್ತು ಚಿಲ್ಲರೆ ಮಾತೂ ಇಲ್ಲ. ಆದರೆ ಆನ್‌ಲೈನ್ ಬುಕಿಂಗ್ ಕಂಪನಿಗಳು ಕಮಿಷನ್ ಹಿಡಿಯುವುದು ಒಟ್ಟು ಮೊತ್ತದ ಮೇಲೆ, ನಿಮ್ಮ ಅವಲಕ್ಕಿಯ ಮೇಲೂ ಅವರ ಪಾಲಿದೆ ಅಂತ ಲೆಕ್ಕ ಹಾಕಿಕೊಂಡೇ ದರ ಇಡಿ.

ಖರ್ಚು ತೆಗೆಯುವಾಗ ಕಿರಾಣಿ, ಹಾಲು, ಗ್ಯಾಸ್ ಬರೆಯುತ್ತಾರೆ, ನಸುಕಿನಲ್ಲಿ ಎದ್ದು ಒಲೆ ಮುಂದೆ ನಿಂತವರ ದುಡಿಮೆ ಬರೆಯುವುದಿಲ್ಲ. ಅದು ಮನೆಯ ಹೆಂಗಸರೇ ಆಗಿರುತ್ತಾರೆ ಅನ್ನುವುದು ಅದಕ್ಕೆ ಕಾರಣ. ಹೊರಗಿನ ಸಹಾಯಕಿ ಬಂದಿದ್ದರೆ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನು ವಹಿಯಲ್ಲಿ ಬರೆಯಿರಿ, ಅವರ ಕೈಗೂ ಕೊಡಿ. ಆಮೇಲೆ ಉಳಿದದ್ದು ಲಾಭ. ಆ ಲೆಕ್ಕಕ್ಕೆ ಲಾಭ ಉಳಿಯದಿದ್ದರೆ ನಾಷ್ಟಾ ನಿಲ್ಲಿಸಿ, ಚಹಾ ಮುಂದುವರಿಸಿ.

ನಾವು ಹುಬ್ಬಳ್ಳಿಯಲ್ಲಿದ್ದೇವೆ, ಬಾದಾಮಿಯ ಮನೆ ಖಾಲಿ ಕೊಡುತ್ತೇವೆ. ನಾಷ್ಟಾ ಹೇಗೆ?

ಅಡುಗೆಮನೆಯಲ್ಲಿ ಒಂದು ಬುಟ್ಟಿ ಇಡಿ: ಚಹಾಪುಡಿ, ಸಕ್ಕರೆ, ಗುಡ್‌ಲೈಫ್ ಹಾಲು, ಅವಲಕ್ಕಿ, ಶೇಂಗಾ, ಎಣ್ಣೆ, ಚಟ್ನಿಪುಡಿ, ಖಡಕ್ ರೊಟ್ಟಿ. ಗೋಡೆಗೆ ಗ್ಯಾಸ್ ಹಚ್ಚುವ, ನಿಲ್ಲಿಸುವ ವಿಧಾನ. ಬಿಸಿ ನಾಷ್ಟಾ ಬೇಕೆಂದವರಿಗೆ ಓಣಿಯಲ್ಲೇ ಮಾಡಿಕೊಡುವ ಮನೆಯೋ ಖಾನಾವಳಿಯೋ ಗೊತ್ತು ಮಾಡಿ, ತಾಟಿಗೆ ಇಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ಆಗ ಆಹಾರದ ನೋಂದಣಿ ಮಾಡಿಕೊಡುವವರ ಹೆಸರಿನಲ್ಲಿ ಇರಬೇಕು. ಹಿಂದಿನ ಅತಿಥಿ ಒಡೆದಿಟ್ಟ ಪಾಕೀಟು, ಅರ್ಧ ಡಬ್ಬಿ ತುಪ್ಪ ಮುಂದಿನವರಿಗೆ ಬಿಡಬಾರದು, ಮನೆ ಗುಡಿಸುವವರಿಗೆ ಇದನ್ನು ಬಾಯಿಬಿಟ್ಟು ಹೇಳಬೇಕು.

ಬುಕಿಂಗ್ ಪುಟದಲ್ಲಿ ಏನು ಬರೆಯಬೇಕು?

ಹೀಗೆ ಬರೆಯಬಹುದು: “ಎದ್ದ ಕೂಡಲೇ ಚಹಾ ಅಥವಾ ಫಿಲ್ಟರ್ ಕಾಫಿ. ದಿನಕ್ಕೊಂದು ಬಗೆಯ ಬಿಸಿ ನಾಷ್ಟಾ (ಅವಲಕ್ಕಿ, ಸುಸಲಾ, ಉಪ್ಪಿಟ್ಟು ಅಥವಾ ರೊಟ್ಟಿ), ನೀವು ಹೊರಡುವ ಹೊತ್ತಿಗೆ. ಶಾಕಾಹಾರ ಮಾತ್ರ, ತತ್ತಿ ಇಲ್ಲ. ಅಡುಗೆಯಲ್ಲಿ ಶೇಂಗಾ ಬಳಸುತ್ತೇವೆ, ಆಗದಿದ್ದರೆ ಮೊದಲೇ ತಿಳಿಸಿ. ಮಧ್ಯಾಹ್ನ, ರಾತ್ರಿ ಊಟ ಇಲ್ಲ.” ಕೊನೆಯ ವಾಕ್ಯ ಬಿಡಬೇಡಿ. ಬಿಟ್ಟರೆ ರಾತ್ರಿ ಒಂಬತ್ತಕ್ಕೆ “ಊಟಕ್ಕೇನೈತ್ರಿ?” ಅಂತ ಬಾಗಿಲು ತಟ್ಟುತ್ತಾರೆ, ನೀವು ಇಲ್ಲ ಅನ್ನುವುದಿಲ್ಲ.

ಮಾಡಿಟ್ಟ ಮೇಲೆ ಅತಿಥಿ ತಿನ್ನದೆ ಹೊರಟರೆ ದುಡ್ಡು ವಾಪಸ್ ಕೊಡಬೇಕೇ?

ಬೇಕಿಲ್ಲ. ಹಿಂದಿನ ರಾತ್ರಿಯೇ ಬೇಡ ಅಂದಿದ್ದರೂ ಬಾಡಿಗೆಯಲ್ಲಿ ಕಡಿಮೆ ಮಾಡುವ ಪದ್ಧತಿ ಹಚ್ಚಿಕೊಳ್ಳಬೇಡಿ, ಚೌಕಾಸಿ ಶುರುವಾಗುತ್ತದೆ. ಅದರ ಬದಲು ಎರಡು ಬಾಳೆಹಣ್ಣು, ಒಂದು ಪೊಟ್ಟಣ ಕರದಂಟು ಕೈಗೆ ಕೊಟ್ಟು ಕಳಿಸಿ.